ಜಾಲಿ ಕಡಿದ ಮಡ್ಡಿ

ಜೋಧಪುರಕ್ಕೆ ಹೋಗುವವಳು ಸುಜಾತಾ ಎಂದು ಗುರಪ್ಪ ಸರ್ ಹೇಳಿದ ಕೂಡಲೇ ಎದ್ದುಹೋಗಿ ಅವಳ ಕೈ ಕುಲುಕಿದವಳು ನೀಲಮ. ನಕ್ಕಳು, ಪೇಢೆ ಯಾವಾಗ ಎಂದು ಕೇಳಿದಳು, ಅಲ್ಲಿಯ ಚಳಿಗೆ ದಪ್ಪ ಸ್ವೆಟರ್ ಬೇಕಾಗುತ್ತದೆ ಎಂದೂ ಹೇಳಿದಳು. ಆಮೇಲೆ ಪ್ರಯೋಗಾಲಯದ ಹಿಂದಿನ ನಲ್ಲಿಯ ಹತ್ತಿರ ಹೋಗಿ, ಚಹಾ ಕುಡಿದ ಕಪ್ಪನ್ನು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತ ಬಹಳ ಹೊತ್ತು ಅಲ್ಲೇ ನಿಂತಳು.

ಚಿಕ್ಕೋಡಿಯ ಆ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಗುರಪ್ಪ ಸರ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವರು ಇವರಿಬ್ಬರೇ. ನೀಲಮ ಹಿರಿಯಳು. ನಿಪ್ಪಾಣಿ ಹತ್ತಿರದ ಬೋರಗಾಂವದವಳು. ಅಪ್ಪ ಭರಮು ಪಾವರ್‌ಲೂಮಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಅವ್ವ ತುಳಸವ್ವ ಕಬ್ಬಿನ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದಳು. ಬುದ್ಧವಿಹಾರದ ಓಣಿಯಲ್ಲಿ ಅಷ್ಟು ದೂರ ಓದಿದ ಹೆಣ್ಣುಮಗಳು ಅವಳೊಬ್ಬಳೇ. ಮಗ್ಗಗಳ ಖಟಖಟದ ನಡುವೆ ಕೂತು ಓದಿದ್ದರಿಂದ ಯಾವ ಗದ್ದಲದಲ್ಲೂ ಅವಳ ಲಕ್ಷ್ಯ ತಪ್ಪುತ್ತಿರಲಿಲ್ಲ. ಕೆಲಸ ಎಂದರೆ ಕೆಲಸ. ಅಳತೆ ತಪ್ಪಿತು ಎನಿಸಿದರೆ ಬಿಸಿಲಲ್ಲಿ ತಿರುಗಿ ನಡೆದುಹೋಗಿ ಮತ್ತೆ ಅಳೆಯುವವಳು.

ಅವಳ ವಿಷಯ ಬಳ್ಳಾರಿ ಜಾಲಿ. ಅದು ಈ ನೆಲದ ಗಿಡವಲ್ಲ. ಉರವಲಿಗಾಗುತ್ತದೆ, ಹಾರುವ ಮರಳನ್ನು ಹಿಡಿದು ನಿಲ್ಲಿಸುತ್ತದೆ ಎಂದು ಬಹಳ ಹಿಂದೆ ಸಮುದ್ರದಾಚೆಯಿಂದ ತಂದು ನೆಟ್ಟದ್ದು. ನೀರಿಲ್ಲದಲ್ಲೂ ಹಸಿರಾಗಿ ನಿಲ್ಲುತ್ತದೆ. ಕುರಿ, ಆಡುಗಳು ಅದರ ಸಿಹಿ ಕಾಯಿ ತಿಂದು ಹೋದಲ್ಲೆಲ್ಲ ಹಿಕ್ಕೆಯ ಜೊತೆ ಬೀಜ ಚೆಲ್ಲುತ್ತವೆ. ಒಮ್ಮೆ ಬೇರೂರಿತೆಂದರೆ ತನ್ನ ಕೆಳಗೆ ಹುಲ್ಲನ್ನು ಏಳಗೊಡುವುದಿಲ್ಲ. ಅಥಣಿಯಿಂದ ಮೂಡಣಕ್ಕೆ, ಕೃಷ್ಣೆಯ ನೀರು ಮುಟ್ಟದ ಕಡೆ, ಊರ ದನಕುರಿ ಮೇಯುವ ಎತ್ತರದ ಬಯಲುಗಳಿವೆ. ಆ ಕಡೆಯವರು ಅವನ್ನು ಮಡ್ಡಿ ಎನ್ನುತ್ತಾರೆ. ಒಂದು ಕಾಲಕ್ಕೆ ಮೊಣಕಾಲುದ್ದ ಕರಡದ ಹುಲ್ಲು ಇರುತ್ತಿದ್ದ ಆ ಮಡ್ಡಿಗಳಲ್ಲಿ ಈಗ ಜಾಲಿಯ ಮುಳ್ಳುಕಂಟಿ, ನಡುನಡುವೆ ಬೋಳು ನೆಲ. ಮರಳಿಲ್ಲ ಎನ್ನುವುದೊಂದು ಬಿಟ್ಟರೆ ಇದೂ ಮರುಭೂಮಿಯೇ ಎಂದು ಗುರಪ್ಪ ಸರ್ ಹೇಳುತ್ತಿದ್ದರು. ಜಾಲಿಯ ನೆರಳಲ್ಲಿ ಯಾವ ಬೀಜ ಮೊಳೆಯುತ್ತದೆ, ಯಾವುದು ಸಾಯುತ್ತದೆ ಎಂದು ನೀಲಮ ವರ್ಷಗಟ್ಟಲೆ ನೆಲಕ್ಕೆ ಮೊಣಕಾಲೂರಿ ಎಣಿಸಿದ್ದಳು.

ಸುಜಾತಾ ಬಂದದ್ದು ಆಮೇಲೆ. ಅಂಥದೇ ಒಂದು ಮಡ್ಡಿಯ ಕೆಳಗಿನ ಊರಿನವಳು, ಕುರಿ ಸಾಕುವ ಮನೆಯ ಮಗಳು. ಗೂಟ ಬಡಿದು, ದಾರ ಕಟ್ಟಿ, ನೆಲವನ್ನು ಚೌಕವಾಗಿ ಹಂಚಿಕೊಂಡು ಅಳೆಯುವುದನ್ನು ಅವಳಿಗೆ ಕಲಿಸಿದವಳು ನೀಲಮ. ಸುಜಾತಾ ಅಕ್ಕಾ ಅಕ್ಕಾ ಎನ್ನುತ್ತ ಇವಳ ಹಿಂದೆಯೇ ಇರುತ್ತಿದ್ದಳು. ಮೊದಮೊದಲು ಇವಳಿಗೂ ಹಿತವಾಗಿತ್ತು. ಆದರೆ ಕಲಿಯುವವಳು ಕಲಿಸುವವಳನ್ನು ದಾಟಿ ಪ್ರಶ್ನೆ ಕೇಳತೊಡಗಿದಳು. ಜಾಲಿ ಈ ಇಳಿಜಾರಿಗೆ ಬಂದದ್ದು ಆ ಹಳ್ಳದ ಕಡೆಯಿಂದಲೋ, ಕುರಿದಾರಿಯಿಂದಲೋ? ಎರಡು ಕಂಟಿಗಳ ನಡುವಿನ ಬೋಳು ನೆಲ ಹಿಗ್ಗುತ್ತಿದೆಯೋ, ಕುಗ್ಗುತ್ತಿದೆಯೋ? ಮೇಲಿನಿಂದ ನೋಡಿದರೆ ಮಡ್ಡಿ ಹೇಗೆ ಕಾಣುತ್ತದೆ? ಗುರಪ್ಪ ಸರ್ ಕನ್ನಡಕ ತೆಗೆದು ಅವಳ ಮಾತಿಗೆ ಕಿವಿಗೊಡುತ್ತಿದ್ದರು. ನೀಲಮಳ ಮಾತು ಕೇಳುವಾಗ ಅವರು ಕನ್ನಡಕ ತೆಗೆದದ್ದು ಅವಳಿಗೆ ನೆನಪಿರಲಿಲ್ಲ.

ಜೋಧಪುರದಲ್ಲಿ ಮರುಭೂಮಿಯ ನೆಲ, ಗಿಡಗಳ ಬಗ್ಗೆ ಸಂಶೋಧನೆ ಮಾಡುವವರ ತಂಡವೊಂದು ಹೊರಗಿನ ಒಬ್ಬ ವಿದ್ಯಾರ್ಥಿಯನ್ನು ಅರ್ಧ ವರ್ಷದ ಮಟ್ಟಿಗೆ ಕರೆಸಿಕೊಳ್ಳುತ್ತದೆ ಎಂಬ ಸುದ್ದಿಯನ್ನು ಹುಡುಕಿ ತಂದವಳು ನೀಲಮ. ಹೋಗುತ್ತೇನೆ ಎಂದು ಮೊದಲು ಕೇಳಿದವಳೂ ಅವಳೇ. ಹಾಗಾಗಿ ಮರುದಿನ ಧೈರ್ಯ ಮಾಡಿ ಸರ್ ಹತ್ತಿರ ಹೋಗಿ, ಯಾಕೆ ಹೀಗೆ ಎಂದು ಕೇಳಿದಳು. ಸರ್ ಕೆಟ್ಟ ಮನುಷ್ಯರಲ್ಲ. ಕೂರಿಸಿಕೊಂಡು ಸಮಾಧಾನದಿಂದಲೇ ಹೇಳಿದರು.

"ನೋಡವಾ ನೀಲಮ, ನಿಂದು ಈಗ ಬರಿಯೂ ಹೊತ್ತು. ಆಕಿದು ನೋಡೂ ಹೊತ್ತು. ನೀ ಒಂದೊಂದು ಗಿಡಾ ಛಲೋ ಎಣಸ್ತಿ, ನಿನ್ನಂಗ ಅಳತಿ ಮಾಡಾವ್ರು ನಮ್ಮಲ್ಲಿ ಯಾರೂ ಇಲ್ಲ. ಆಕಿ ಇಡೀ ಮಡ್ಡಿನ ನೋಡ್ತಾಳ. ಅಲ್ಲಿ ಆ ಕಣ್ಣ ಬೇಕು."

ನೀಲಮ ಹೌದ್ರಿ ಸರ್ ಎಂದು ಹೊರಗೆ ಬಂದಳು. ಬೋರಗಾಂವದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಆ ಮಾತು ಮುಳ್ಳಿನಂತೆ ಒಳಗೇ ಮುರಿದು ಕೂತಿತು. ಹೊಗಳಿದಂತೆಯೂ ಇತ್ತು, ಬಾಗಿಲು ಹಾಕಿದಂತೆಯೂ ಇತ್ತು. ಮನೆಗೆ ಹೋದರೆ ಅವ್ವ, ಸುಜಾತಾ ಜೋಧಪುರಕ್ಕೆ ಹೋಗುತ್ತಾಳಂತೆ, ಗುಣವಂತೆ ಹುಡುಗಿ, ಹೋಗಲಿ ಪಾಪ ಎಂದಳು. ಅಂದು ನೀಲಮ ಊಟ ಬೇಡವೆಂದಳು.

ಹೊರಡುವ ಮುನ್ನ ಸುಜಾತಾ ಒಂದು ಕೆಲಸ ಒಪ್ಪಿಸಿದಳು. ಮಡ್ಡಿಯ ಪಡುವಣ ಇಳಿಜಾರಿನಲ್ಲಿ ಅವಳು ಕೆಂಪು ಬಣ್ಣದ ಗೂಟಗಳನ್ನು ನೆಟ್ಟು ಚೌಕಗಳನ್ನು ಮಾಡಿಕೊಂಡಿದ್ದಳು. ತಿಂಗಳಿಗೊಮ್ಮೆ ಅವುಗಳ ಅಳತೆ ತೆಗೆಯಬೇಕು, ಅಕ್ಕನನ್ನು ಬಿಟ್ಟು ಬೇರೆ ಯಾರನ್ನೂ ನಂಬಲಾರೆ ಎಂದಳು. ಇಲ್ಲ ಎನ್ನಲು ನೀಲಮಗೆ ಕಾರಣ ಸಿಗಲಿಲ್ಲ. ಹೊಟ್ಟೆಕಿಚ್ಚು ಎಂದು ಹೇಳಿ ಇಲ್ಲ ಎನ್ನಲು ಬರುತ್ತದೆಯೇ?

ಹೀಗೆ ಆ ಚಳಿಗಾಲ, ಆ ಬೇಸಿಗೆ, ನೀಲಮ ಚಿಕ್ಕೋಡಿಯಿಂದ ಕಾಗವಾಡ ದಾಟಿ ಅಥಣಿಗೆ, ಅಲ್ಲಿಂದ ಮಡ್ಡಿಗೆ ಬಸ್ಸು ಬದಲಿಸುತ್ತ ಓಡಾಡಿದಳು. ಸುಜಾತಾಳ ಅವ್ವ ಮಲಕವ್ವ ಅವಳನ್ನು ಊಟ ಮಾಡಿಸದೆ ಕಳಿಸುತ್ತಿರಲಿಲ್ಲ. ಮೊದಲ ಸಲ ಆ ಮನೆಯ ಹೊಸ್ತಿಲು ದಾಟುವಾಗ ನೀಲಮ ಸೂಕ್ಷ್ಮವಾಗಿ ಎಲ್ಲವನ್ನೂ ನೋಡಿದ್ದಳು. ತನ್ನ ಓಣಿ ಯಾವುದೆಂದು ಇವರಿಗೆ ಗೊತ್ತಿದೆ. ತಾಟು ಬೇರೆ ಇಟ್ಟಾರು, ನೀರು ಎತ್ತಿ ಸುರಿದಾರು ಎಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ ಹಾಗೆ ಮಾಡಲಿ ಎಂದೇ ಒಳಗೊಳಗೆ ಕಾದಿದ್ದಳು. ಮಾಡಿದ್ದರೆ ಅವಳ ಸಿಟ್ಟಿಗೆ ಒಂದು ನ್ಯಾಯವಾದರೂ ಸಿಗುತ್ತಿತ್ತು. ಮಲಕವ್ವ ತನ್ನ ಗಂಗಾಳದಲ್ಲೇ ರೊಟ್ಟಿ ಮುರಿದು ಹಾಕಿ, ಪುಂಡಿಪಲ್ಯ ಬಡಿಸಿ, ಎದುರಿಗೆ ಕೂತು ಮಗಳ ಸುದ್ದಿ ಹೇಳತೊಡಗಿದಳು. ನೀಲಮ ಉಂಡಳು. ರೊಟ್ಟಿ ರುಚಿಯಾಗಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಜೋಧಪುರದಿಂದ ಫೋಟೋಗಳು ಬರುತ್ತಿದ್ದವು. ಮರಳಿನ ದಿಬ್ಬದ ಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದ ಸುಜಾತಾ. ಯಾರ್‍ಯಾರದೋ ಜೊತೆ ಜೀಪಿನಲ್ಲಿ ಸುಜಾತಾ. ಆಕಾಶದಿಂದ ತೆಗೆದ ಚಿತ್ರಗಳನ್ನು ಗೋಡೆಯಷ್ಟು ದೊಡ್ಡದಾಗಿ ಮಾಡಿ, ಅದರಲ್ಲಿ ಜಾಲಿ ಹಬ್ಬಿದ ದಾರಿಯನ್ನು ತೋರಿಸುತ್ತಿರುವ ಸುಜಾತಾ. ಒಮ್ಮೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದ್ದಳು: ಇಲ್ಲಿಯ ಹೊಲಗಳ ನಡುವೆ ನಮ್ಮ ಬನ್ನಿ ಗಿಡಗಳೇ ನಿಂತಿವೆ, ಬಳ್ಳಾರಿ ಜಾಲಿ ಅದಕ್ಕೆ ದೂರದ ತಂಗಿಯಂತೆ, ಅದು ಬಂದು ಅಕ್ಕನ ಜಾಗ ತಿನ್ನುತ್ತಿದೆ ಅಂತ ಇಲ್ಲಿಯವರು ಅಳುತ್ತಾರೆ ನೋಡು ಎಂದು ನಗುತ್ತ ಹೇಳಿದ್ದಳು. ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ನೀಲಮ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಆಮೇಲೆ ಛಲೋ ಐತಿ ಎಂದು ಎರಡು ಪದ ಬರೆದು ಕಳಿಸಿದಳು.

ಮಾತು ಹೀಗಿದ್ದರೂ ಕೆಲಸದಲ್ಲಿ ಮಾತ್ರ ಅವಳು ಒಂದು ಎಳೆಯಷ್ಟೂ ತಪ್ಪಿಸಲಿಲ್ಲ. ಪ್ರತಿ ಚೌಕದ ಪ್ರತಿ ಕಾಂಡದ ದಪ್ಪ, ಪ್ರತಿ ಮೊಳಕೆ, ಬೋಳು ನೆಲದ ಅಗಲ, ಎಲ್ಲ ಅಳೆದಳು. ಸುಜಾತಾಳ ಸಲುವಾಗಿ ಅಲ್ಲ. ಎಣಿಸುವುದರಲ್ಲಾದರೂ ತನಗೆ ಸರಿಸಮ ಯಾರೂ ಇಲ್ಲ ಎಂಬ ಹಟಕ್ಕೆ.

ಬೇಸಿಗೆ ಏರಿದ ಒಂದು ಮಧ್ಯಾಹ್ನ ಅಳತೆ ಮುಗಿಸಿ ದಾರ ಸುತ್ತುತ್ತಿದ್ದಾಗ ಮಲಕಾರಿ ಬಂದ. ಮಡ್ಡಿಯ ಜಾಲಿ ಕಡಿದು ಇದ್ದಿಲು ಸುಡುವ ಗುತ್ತಿಗೆ ಹಿಡಿದವನು. ಮುಗಳಖೋಡದ ಕಡೆಯವನು, ಒರಟಾದರೂ ಮಾತಿಗೆ ತಪ್ಪದ ಮನುಷ್ಯ. ಈ ಸಲ ಪಡುವಣ ಇಳಿಜಾರು ತನಗೆ ಬಂದಿದೆ, ಬರುವ ವಾರ ಆಳುಗಳನ್ನೂ ಜೆಸಿಬಿಯನ್ನೂ ತರುತ್ತೇನೆ ಎಂದ. ಕೆಂಪು ಗೂಟಗಳ ಕಡೆ ಕೈ ಮಾಡಿದ.

"ಅಕ್ಕಾರ, ಈ ನಿಮ್ಮ ಗೂಟದ ಜಾಗಾ ಬಿಡಬೇಕಂದ್ರ ಬಿಡತೀನಿ. ನಿಮ್ಮ ಸಾಹೇಬ್ರು ನನಗೊಂದು ಫೋನ್ ಮಾಡಿದ್ರ ಸಾಕು. ಫೋನ್ ಬರಲಿಲ್ಲಂದ್ರ ನಿಮಗ ಬ್ಯಾಡಾಗೈತಿ ಅಂತ ತಿಳೀತೀನಿ."

"ಹೇಳತೀನಿ," ಎಂದಳು ನೀಲಮ.

ಹೇಳುವುದಕ್ಕೇ ಇದ್ದಳು. ಇದನ್ನು ಅವಳ ಪರವಾಗಿ ಹೇಳಬೇಕು: ಇಳಿಜಾರು ಇಳಿಯುವಾಗ ಫೋನು ಕೈಯಲ್ಲಿತ್ತು. ಬಸ್ಸು ಹತ್ತಿದ ಮೇಲೆ ಮಾತಾಡೋಣ, ಇಲ್ಲಿ ಸಿಗ್ನಲ್ ಇಲ್ಲ ಎಂದುಕೊಂಡಳು. ಬಸ್ಸಿನಲ್ಲಿ ಸಿಗ್ನಲ್ ಬಂತು, ಅದರ ಜೊತೆ ಸುಜಾತಾಳ ಫೋಟೋನೂ ಬಂತು. ಜೋಧಪುರದಲ್ಲಿ ದೇಶವಿದೇಶದವರು ಸೇರಿದ ಸಭೆಯಲ್ಲಿ ಅವಳು ಮಾತಾಡಿದ್ದಳು. ಕೆಳಗೆ ಗುರಪ್ಪ ಸರ್ ಬರೆದಿದ್ದರು, ನಮ್ಮ ವಿಭಾಗಕ್ಕೆ ಇಂಥ ದಿನ ಹಿಂದೆ ಬಂದಿರಲಿಲ್ಲ ಎಂದು. ಹಿಂದೆ ಬಂದಿರಲಿಲ್ಲ. ತನ್ನ ಅಷ್ಟು ವರ್ಷಗಳು ಆ ಎರಡು ಪದಗಳ ಕೆಳಗೆ ಮುಚ್ಚಿಹೋದವು ಎನಿಸಿತು ನೀಲಮಗೆ. ಫೋನನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಮರುದಿನ ಹೇಳಬಹುದಿತ್ತು. ಸರ್ ಎದುರಿಗೇ ಕೂತು ತನ್ನ ಪ್ರಬಂಧದ ಪುಟಗಳನ್ನು ತೋರಿಸಿದಳು, ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಪ್ರತಿ ದಿನವೂ, ಇನ್ನೂ ಹೊತ್ತಿದೆ ಎಂದುಕೊಂಡಳು. ಹೀಗೆ ಅಂದುಕೊಳ್ಳುವುದರಲ್ಲೇ ಒಂದು ಸುಖವಿತ್ತು. ಜೋಧಪುರದ ಆ ಸಭೆ, ಆ ಗೋಡೆಯಷ್ಟು ದೊಡ್ಡ ಚಿತ್ರಗಳು, ಎಲ್ಲದರ ಬುಡ ತನ್ನ ಒಂದು ಮಾತಿನ ಮೇಲೆ ನಿಂತಿದೆ ಎಂಬ ಸುಖ. ಹೊತ್ತು ಮೀರಿತು.

ಮಲಕವ್ವ ಮಗಳಿಗೆ ಫೋನ್ ಮಾಡಿ ಮಡ್ಡಿ ಕಡಿದರು ಎಂದು ತಿಳಿಸಿದಳು. ಸುಜಾತಾ ನೀಲಮಗೆ ಫೋನ್ ಮಾಡಿದಳು. ಅಳುತ್ತಿದ್ದಳು, ಮಾತು ಸರಿಯಾಗಿ ಬರುತ್ತಿರಲಿಲ್ಲ. ಎಲ್ಲ ಹೋಯಿತು ಅಕ್ಕಾ, ಇನ್ನು ಮೊದಲಿನಿಂದ ಶುರು ಮಾಡಬೇಕು, ನಿನಗೆ ಗೊತ್ತಾಗಲಿಲ್ಲವಾ ಎಂದು ಕೇಳಿದಳು. ನನಗೂ ಈಗಲೇ ತಿಳಿಯಿತು ಎಂದಳು ನೀಲಮ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಫೋನ್ ಇಟ್ಟ ಮೇಲೆ ಎದೆ ಹಗುರಾಗಿತ್ತು. ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು.

ಸುಜಾತಾ ಊರಿಗೆ ಬಂದವಳು ನೆಟ್ಟಗೆ ಮಡ್ಡಿಗೆ ಹೋದಳು. ಇಳಿಜಾರಿನ ಮೇಲಿನ ಭಾಗದಲ್ಲಿ ಆಳುಗಳು ಕೊಡಲಿಯಿಂದ ಕಡಿದಿದ್ದರಿಂದ ಬೊಡ್ಡೆಗಳು ಉಳಿದಿದ್ದವು. ಕೆಳಗಿನ ಭಾಗದಲ್ಲಿ ಜೆಸಿಬಿ ಬೇರುಸಮೇತ ಕಿತ್ತಿತ್ತು. ಗುತ್ತಿಗೆಯ ಗಡಿಯಾಚೆಗೆ ಜಾಲಿ ಎಂದಿನಂತೆ ನಿಂತಿತ್ತು. ಕೆಂಪು ಗೂಟಗಳು ಅಲ್ಲೊಂದು ಇಲ್ಲೊಂದು ಮಣ್ಣಲ್ಲಿ ಹೂತಿದ್ದವು. ಅವಳು ಒಂದು ಬೊಡ್ಡೆಯ ಮೇಲೆ ಕೂತಳು. ಜೊತೆಗೆ ಹೋಗಿದ್ದ ನೀಲಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಕೈಯಲ್ಲಿ ಏನೇನಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಆಮೇಲೆ ಮಳೆ ಬಂತು.

ಆ ವರ್ಷ ಮಡ್ಡಿಯ ಮೇಲೆ ಹದವಾದ ಮಳೆ. ಜಾಲಿಯ ಬೊಡ್ಡೆ ಉಳಿದಲ್ಲಿ ಚಿಗುರು ಮೊದಲಿಗಿಂತ ಒತ್ತಾಗಿ ಎದ್ದಿತು. ಬೇರುಸಮೇತ ಕಿತ್ತ ಕಡೆ ಮೊದಲು ಗರಿಕೆ, ಹಿಂದೆಯೇ ಕರಡ, ಅದರ ನಡುವೆ ಊರಿನ ಹಿರಿಯರು ಕಂಡು ಬಹಳ ದಿನವಾಗಿದ್ದ ಹುಲ್ಲುಗಳು ತಲೆ ಎತ್ತಿದವು. ಅಷ್ಟು ವರ್ಷ ಮುಳ್ಳಿನ ಕೆಳಗೆ ಬೀಜಗಳು ಸಾಯದೆ ಕಾದಿದ್ದವು. ಸುಜಾತಾ ಅದನ್ನು ನೋಡಿದಳು, ತಿರುಗಿ ಗಡಿಯಾಚೆಯ ಜಾಲಿಯನ್ನು ನೋಡಿದಳು, ಮೇಲಿನ ಬೊಡ್ಡೆಗಳನ್ನು ನೋಡಿದಳು. ಅಲ್ಲಿಂದಲೇ ಗುರಪ್ಪ ಸರ್‌ಗೆ ಫೋನ್ ಮಾಡಿದಳು. ಕಡಿದದ್ದು, ಕಿತ್ತದ್ದು, ಹಾಗೇ ಬಿಟ್ಟದ್ದು, ಮೂರೂ ಒಂದೇ ಇಳಿಜಾರಿನ ಮೇಲೆ ಇವೆ. ಇಂಥ ಪ್ರಯೋಗವನ್ನು ತಾವೇ ಮಾಡಬೇಕೆಂದರೆ ಯಾರು ಒಪ್ಪುತ್ತಿದ್ದರು? ಆದರೆ ಅದರಿಂದ ಏನಾದರೂ ಹೇಳಬೇಕಾದರೆ ಕಡಿಯುವ ಮೊದಲು ನೆಲ ಹೇಗಿತ್ತೆಂದು ಚೊಕ್ಕವಾಗಿ ತಿಳಿದಿರಬೇಕು. ಅದು ತಿಳಿದಿತ್ತು. ನೀಲಮ ಅಳೆದಿದ್ದಳು, ಕಡಿಯುವ ಕೆಲವೇ ದಿನ ಮೊದಲಿನವರೆಗೂ, ಒಂದು ಮೊಳಕೆಯನ್ನೂ ಬಿಡದೆ.

ಗುರಪ್ಪ ಸರ್ ಇಬ್ಬರನ್ನೂ ಕರೆಸಿಕೊಂಡು, ನೀಲಮಳ ಕೈ ಇರದಿದ್ದರೆ ಈ ಕೆಲಸವೇ ಇಲ್ಲ ಎಂದರು. ಬರೆಯಲಿರುವ ಲೇಖನದಲ್ಲಿ ಅಕ್ಕನ ಹೆಸರು ತನ್ನ ಹೆಸರಿನ ಪಕ್ಕದಲ್ಲೇ ಇರಬೇಕು ಎಂದು ಸುಜಾತಾ ಪಟ್ಟು ಹಿಡಿದಳು. ನೀಲಮ ತಲೆ ತಗ್ಗಿಸಿ ಕೂತಳು. ವಿನಯ ಎಂದುಕೊಂಡರು ಅವರು.

ಒಳಗೆ ಏನಾಗುತ್ತಿತ್ತೆಂದರೆ, ಅದಕ್ಕೆ ಪಶ್ಚಾತ್ತಾಪ ಎಂದು ಹೆಸರಿಡಲು ಬರುವುದಿಲ್ಲ. ಮೊದಮೊದಲು ಅಂಜಿಕೆ ಇತ್ತು, ಮಲಕಾರಿ ಬಾಯಿ ಬಿಟ್ಟಾನು ಎಂದು. ಅವನು ಬೇರೆ ಊರಿನ ಗುತ್ತಿಗೆ ಹಿಡಿದು ಹೊರಟುಹೋದ, ಅಂಜಿಕೆಯೂ ಹೋಯಿತು. ಉಳಿದದ್ದು ಹಳೆಯ ಉರಿಯೇ. ಲೇಖನ ಹೊರಬಂತು. ಬೆಳಗಾವಿಯ ಪತ್ರಿಕೆಯೊಂದರಲ್ಲಿ ಸುಜಾತಾಳ ಫೋಟೋ ಬಂತು. ಮೊಣಕಾಲುದ್ದದ ಹುಲ್ಲಿನಲ್ಲಿ ನಿಂತು ನಗುತ್ತಿದ್ದಳು. ಜಾಲಿ ತೆಗೆದು ಮೇವು ತಂದ ಮಗಳು ಎಂದು ಬರೆದಿದ್ದರು. ನೀಲಮಳ ಹೆಸರು ಕೊನೆಯ ಸಾಲಿನಲ್ಲಿ, ಅದೂ ನೀಲಿಮಾ ಎಂದು ತಪ್ಪಾಗಿ ಬಂದಿತ್ತು. ಭರಮು ಆ ಪತ್ರಿಕೆಯನ್ನು ಪಾವರ್‌ಲೂಮಿಗೆ ಒಯ್ದು ಎಲ್ಲರಿಗೂ ತೋರಿಸಿ ಬಂದ, ಮಗಳ ಹೆಸರೂ ಐತಿ ಎಂದು. ಅಪ್ಪ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದುವುದನ್ನು ನೀಲಮಗೆ ನೋಡಲಾಗಲಿಲ್ಲ.

ಆ ಹುಲ್ಲು ತನ್ನದು ಎಂಬ ಯೋಚನೆ ಅವಳ ತಲೆ ಹೊಕ್ಕಿದ್ದು ಆವಾಗ. ತಾನು ಬಾಯಿ ಮುಚ್ಚಿಕೊಂಡಿರದಿದ್ದರೆ ಆ ಚೌಕಗಳಲ್ಲಿ ಒಂದು ಎಸಳು ಹುಲ್ಲೂ ಏಳುತ್ತಿರಲಿಲ್ಲ. ಸುಜಾತಾಳ ಆ ಕೆಂಪು ಗೂಟಗಳ ನಡುವೆ ಇಂದಿಗೂ ಜಾಲಿಯೇ ನಿಂತಿರುತ್ತಿತ್ತು, ಅವಳದೂ ಎಲ್ಲರಂಥ ಒಂದು ಪ್ರಬಂಧವಾಗುತ್ತಿತ್ತು. ಇಷ್ಟೆಲ್ಲ ತನ್ನಿಂದ ಆದದ್ದು. ಹೇಳಿಕೊಳ್ಳಲು ಬಾರದ ರೀತಿಯಲ್ಲಿ ಆದದ್ದು. ಬೆಳಗ್ಗೆ ಏಳುವಾಗ ಆ ಯೋಚನೆಯೊಂದಿಗೇ ಏಳುತ್ತಿದ್ದಳು.

ಮರುವರ್ಷದ ಮಳೆಗಾಲದಲ್ಲಿ ಇಬ್ಬರೂ ಅಳತೆಗೆ ಹೋದರು. ಮೋಡ ಸರಿದು ಇಳಿಬಿಸಿಲು ಬಿದ್ದಿತ್ತು. ಕೆಳಗಿನ ಹುಲ್ಲಿನಲ್ಲಿ ಮಲಕವ್ವನ ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು. ಸುಜಾತಾ ಮತ್ತೆ ನೆಟ್ಟ ಗೂಟಕ್ಕೆ ದಾರ ಕಟ್ಟುತ್ತಿದ್ದವಳು ನಿಂತು, ಇಳಿಜಾರಿನ ಉದ್ದಕ್ಕೂ ಕಣ್ಣು ಹಾಯಿಸಿದಳು.

"ನನ್ನ ದೈವ ನೋಡಕ್ಕಾ," ಎಂದಳು. "ಅಂದು ಅಷ್ಟು ಅತ್ತಿದ್ದೆ. ಬೀರದೇವರು ನನ್ನ ಸಲುವಾಗೇ ಕಡಿಸ್ಯಾನ ಅಂತ ಅವ್ವ ಅಂತಾಳ. ನನಗೂ ಹಂಗ ಅನಸ್ತೈತಿ."

ನೀಲಮ ತಡೆದುಕೊಳ್ಳಬಹುದಿತ್ತು. ಅಷ್ಟು ದಿನ ತಡೆದುಕೊಂಡವಳು. ಆದರೆ ಗುರಪ್ಪ ಸರ್, ಪತ್ರಿಕೆ, ಜೋಧಪುರ ಎಲ್ಲ ಸಾಲದೆಂದು ಈಗ ದೇವರೂ ಸುಜಾತಾಳ ಪಾಲಿಗೆ ಹೋದ.

"ದೈವ ಅಲ್ಲ," ಎಂದಳು. "ನಾನು."

ಸುಜಾತಾ ಅರ್ಥವಾಗದೆ ನೋಡಿದಳು. ನೀಲಮ ನಿಲ್ಲಿಸಲಿಲ್ಲ. ಮಲಕಾರಿ ಬಂದದ್ದು, ಒಂದು ಫೋನ್ ಸಾಕೆಂದದ್ದು, ತಾನು ಯಾರಿಗೂ ಹೇಳದೆ ಉಳಿದದ್ದು, ಎಲ್ಲ ಹೇಳಿದಳು. ತಪ್ಪೊಪ್ಪಿಕೊಳ್ಳುವವರ ದನಿ ಅದಾಗಿರಲಿಲ್ಲ. ಬರಬೇಕಾದ ಪಾಲು ಕೇಳುವವರ ದನಿ.

"ನಾ ಫೋನ್ ಮಾಡಿಸಿದ್ರ ನಿನ್ನ ಗೂಟದಾಗ ಇವತ್ತಿಗೂ ಜಾಲಿ ಇರತಿತ್ತು. ಈ ಹುಲ್ಲ ಬಂದದ್ದು ನಾ ಸುಮ್ನಿದ್ದದ್ದಕ್ಕ. ಬೀರದೇವರಿಂದ ಅಲ್ಲ, ನಿನ್ನಿಂದೂ ಅಲ್ಲ."

ಸುಜಾತಾ ಕೈಯಲ್ಲಿದ್ದ ದಾರದ ಗಂಟನ್ನು ಪೂರ್ತಿ ಬಿಗಿದಳು. ಆಮೇಲೆ ಕೇಳಿದಳು, "ನಾ ಜೋಧಪುರದಿಂದ ಫೋನ್ ಮಾಡಿದಾಗ ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ನಾ ಅಳಾಕತ್ತಿದ್ದೆ."

"ಹೌದು."

"ಖುಷಿ ಆತೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆತು," ಎಂದಳು ನೀಲಮ. "ಭಾಳ ದಿನಾ ಉಳೀಲಿಲ್ಲ."

ಸುಜಾತಾ ಬೈಯುತ್ತಾಳೆ, ಕೂಗುತ್ತಾಳೆ ಎಂದು ನೀಲಮ ಕಾದಳು. ಅವಳು ಹುಲ್ಲಿನಲ್ಲಿ ಕೂತು ಕುರಿಗಳ ಕಡೆ ನೋಡಿದಳು. ನೀಲಮ ಆಗಲೇ ಮೊದಲ ಸಲ ಅವಳ ಮುಖವನ್ನು ದಿಟ್ಟಿಸಿದಳು. ಇಷ್ಟು ದಿನ ತಾನು ನೋಡಿದ್ದು ಸುಜಾತಾಳ ಫೋಟೋಗಳನ್ನು, ಸುಜಾತಾಳ ಹೆಸರನ್ನು. ಇವಳನ್ನು ಹೀಗೆ ಎದುರಿಗೆ ಕೂರಿಸಿಕೊಂಡು ನೋಡಿರಲಿಲ್ಲ.

"ಅಳತಿ ಖರೆ ಅದಾವ," ಎಂದಳು ಸುಜಾತಾ ಕೊನೆಗೆ. ದನಿ ಒಣಗಿತ್ತು. "ಅದಕ್ಕ ನಿನ್ನ ಹೆಸರು ಇರ್ಲಿ. ತೆಗಿಯಂಗಿಲ್ಲ ನಾ. ಆದ್ರ ನೀ ಇನ್ನ ಈ ಮಡ್ಡಿಗಿ ಬರಬ್ಯಾಡ. ನಮ್ಮವ್ವನ ಕಡಿಗೂ ಬರಬ್ಯಾಡ. ಆಕಿಗಿ ನಾ ಏನೂ ಹೇಳೂದಿಲ್ಲ."

ನೀಲಮ ಚೀಲ ಎತ್ತಿಕೊಂಡು ಇಳಿದಳು. ಕೆಳಗೆ ಮಲಕವ್ವ ದೂರದಿಂದಲೇ ಕೈ ಬೀಸಿ, ಊಟ ಮಾಡಿ ಹೋಗು ಎಂದು ಕೂಗಿದಳು. ಬಸ್ಸಿಗೆ ಹೊತ್ತಾಯಿತು ಎಂದು ಸನ್ನೆ ಮಾಡಿ ರಸ್ತೆಗೆ ಬಂದಳು. ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು.

ಆಮೇಲಿನ ತಿಂಗಳುಗಳು ಅವಳಿಗೆ ಸುಲಭವಾಗಿರಲಿಲ್ಲ. ಇಂದು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಸರ್ ಕೋಣೆಯ ಬಾಗಿಲು ತೆರೆದಾಗಲೆಲ್ಲ ಕೆಲಸ ಬಿಟ್ಟು ಅತ್ತ ನೋಡುತ್ತಿದ್ದಳು. ಸುಜಾತಾ ಯಾರಿಗೂ ಹೇಳಲಿಲ್ಲ. ವಿಭಾಗದಲ್ಲಿ ಎದುರಾದರೆ ಕೆಲಸದ ಮಾತಷ್ಟೇ ಆಡುತ್ತಿದ್ದಳು. ಅಕ್ಕಾ ಎನ್ನುವುದನ್ನು ಬಿಟ್ಟು ಮೇಡಂ ಎನ್ನತೊಡಗಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ತಿರುಗಿ ಬೈದು ಸಮ ಮಾಡಿಕೊಳ್ಳಬಹುದಿತ್ತು. ನೀಲಮ ತನ್ನ ಪ್ರಬಂಧ ಮುಗಿಸಿದಳು, ಪದವಿ ಬಂತು, ನಿಪ್ಪಾಣಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಓಣಿಯವರು ವಿಹಾರದ ಮುಂದೆ ಕುರ್ಚಿ ಹಾಕಿ ಶಾಲು ಹೊದಿಸಿದರು. ತುಳಸವ್ವ ಅತ್ತಳು. ಆ ಕುರ್ಚಿಯ ಮೇಲೆ ಕೂತಾಗಲೂ ನೀಲಮ ಮಂದಿಯ ನಡುವೆ ಸುಜಾತಾ ಬಂದಿದ್ದಾಳೆಯೇ ಎಂದು ಹುಡುಕಿದಳು. ಬಂದಿರಲಿಲ್ಲ.

ಸುಜಾತಾಳ ಮೌಖಿಕ ಪರೀಕ್ಷೆ ಬೆಳಗಾವಿಯಲ್ಲಿ, ಎಲ್ಲರಿಗೂ ತೆರೆದ ಸಭಾಂಗಣದಲ್ಲಿ ಎಂದು ತಿಳಿದಾಗ ನೀಲಮ ರಜೆ ಹಾಕಿದಳು. ಯಾಕೆ ಹೋಗುತ್ತಿದ್ದೇನೆ ಎಂದು ಬಸ್ಸು ಸಂಕೇಶ್ವರ ದಾಟುವವರೆಗೂ ಯೋಚಿಸಿದಳು. ಹಿಂದಿನ ಸಾಲಿನಲ್ಲಿ ಕೂತಳು.

ಸುಜಾತಾ ಚೆನ್ನಾಗಿ ಮಾತಾಡಿದಳು. ಪರದೆಯ ಮೇಲೆ ಮಡ್ಡಿ ಮೇಲಿನಿಂದ ಕಾಣುತ್ತಿತ್ತು, ಜಾಲಿಯ ಕಪ್ಪು ಚುಕ್ಕೆಗಳು ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುವುದು, ಕಿತ್ತ ಮೇಲೆ ಬಿಡಿಸಿಕೊಳ್ಳುವುದು. ಹೊರಗಿನಿಂದ ಬಂದ ಪರೀಕ್ಷಕರು ಮಹಾರಾಷ್ಟ್ರದವರು, ಮೃದುವಾಗಿ ಮಾತಾಡುವವರು. ಕಡಿಯುವ ಮೊದಲಿನ ಅಳತೆ ಇಷ್ಟು ಪಕ್ಕಾ ಹೇಗೆ ಸಿಕ್ಕಿತು, ಕಡಿಯುತ್ತಾರೆ ಎಂದು ಮೊದಲೇ ಗೊತ್ತಿತ್ತೇ ಎಂದು ಕೇಳಿದರು.

ಸುಜಾತಾಳ ಕಣ್ಣು ಹಿಂದಿನ ಸಾಲಿಗೆ ಬಂತು. ನೀಲಮಳನ್ನು ನೋಡಿತು. ಗುರಪ್ಪ ಸರ್ ಕೂಡ ತಿರುಗಿ ನೋಡಿ, ನೀಲಮ ಬಂದಿದ್ದಾಳೆ ಎಂದು ಸಂತೋಷದಿಂದ ತಲೆಯಾಡಿಸಿದರು.

"ಅಳತೆ ನನ್ನ ಹಿರಿಯ ಸಹೋದ್ಯೋಗಿ ನೀಲಮ ಅವರದು," ಎಂದಳು ಸುಜಾತಾ. "ಕಡಿಯೋದು ನಮ್ಮ ಯೋಜನೆಯಲ್ಲಿ ಇರಲಿಲ್ಲ. ನನಗೆ ಗೊತ್ತಿದ್ದರೆ ತಡೆಯುತ್ತಿದ್ದೆ. ತಡೆದಿದ್ದರೆ ನನ್ನ ತಪ್ಪಾಗುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ನನಗೆ ಗೊತ್ತಿರಲಿಲ್ಲ."

ಅದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ, ಒಂದು ಪದವೂ ಯಾರನ್ನೂ ಚುಚ್ಚಲಿಲ್ಲ. ನೀಲಮಗೆ ಕೃತಜ್ಞತೆ ಉಕ್ಕಬೇಕಿತ್ತು. ಉಕ್ಕಿದ್ದು ಹೊಟ್ಟೆಕಿಚ್ಚು. ಇಂಥ ಉತ್ತರ ತನಗೆ ಎಂದೂ ಬರುತ್ತಿರಲಿಲ್ಲ, ತಾನು ಆ ಜಾಗದಲ್ಲಿದ್ದರೆ ಎದುರಾಳಿಯ ಹೆಸರನ್ನು ಹಲ್ಲಿನ ನಡುವೆ ಅಗಿದು ಉಗುಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಚಪ್ಪಾಳೆ ಮುಗಿದ ಮೇಲೆ ಸದ್ದಿಲ್ಲದೆ ಹೊರಡಲು ಮೆಟ್ಟಿಲಿಗೆ ಬಂದಾಗ ಸುಜಾತಾ ಹಿಂದಿನಿಂದ ಬಂದಳು. ಹೊಸ ಸೀರೆಯ ಸೆರಗು ಇನ್ನೂ ಅವಳ ಮಾತು ಕೇಳುತ್ತಿರಲಿಲ್ಲ.

"ಯಾಕ ಬಂದಿ?" ಎಂದು ಕೇಳಿದಳು.

"ನೀ ಹ್ಯಾಂಗ ಹೇಳತಿ ನೋಡಾಕ," ಎಂದಳು ನೀಲಮ. "ಛಲೋ ಹೇಳಿದಿ ಸುಜಾ. ನನಗ ಇಷ್ಟು ಛಲೋ ಬರತಿದ್ದಿಲ್ಲ."

ಅಷ್ಟು ವರ್ಷಗಳಲ್ಲಿ ಅವಳು ಸುಜಾತಾಳಿಗೆ ಮನಸ್ಸಿನಿಂದ ಹೇಳಿದ ಒಳ್ಳೆಯ ಮಾತು ಅದೊಂದೇ. ಸುಜಾತಾ ನಗಲಿಲ್ಲ, ಮುಖ ತಿರುವಲೂ ಇಲ್ಲ. ಅವ್ವ ಒಳಗೆ ಇದ್ದಾಳೆ, ನಿನ್ನನ್ನು ಕೇಳುತ್ತಿದ್ದಳು, ಮಾತಾಡಿಸಿ ಹೋಗು ಎಂದು ಹೇಳಿ, ಕರೆಯುತ್ತಿದ್ದವರ ಕಡೆ ಹೋದಳು. ಮಡ್ಡಿಗೆ ಬಾ ಎಂದು ಮಾತ್ರ ಹೇಳಲಿಲ್ಲ. ನೀಲಮ ಒಳಗೆ ಹೋಗಿ ಮಲಕವ್ವನ ಹತ್ತಿರ ಕೂತು, ಅವಳ ಮೊಣಕಾಲು ನೋವಿನ ಸುದ್ದಿ, ಕುರಿಮರಿಗಳ ಸುದ್ದಿ ಕೇಳಿ, ಮಧ್ಯಾಹ್ನದ ಬಸ್ಸಿಗೆ ನಿಪ್ಪಾಣಿಗೆ ಮರಳಿದಳು.

ಮರುದಿನ ಮೊದಲ ವರ್ಷದವರಿಗೆ ಕಳೆಗಿಡಗಳ ಪಾಠವಿತ್ತು. ಪುಸ್ತಕದಲ್ಲಿದ್ದ ಉದಾಹರಣೆಗಳು ಯಾವುದೋ ದೂರದ ದೇಶದವು. ನೀಲಮ ಪುಸ್ತಕ ಮುಚ್ಚಿ, ಅಥಣಿಯ ಆ ಮಡ್ಡಿಯ ಸಂಗತಿ ಹೇಳಿದಳು: ಜಾಲಿ ಬಂದದ್ದು, ಹುಲ್ಲು ಹೋದದ್ದು, ಬೊಡ್ಡೆ ಬಿಟ್ಟರೆ ಏನಾಗುತ್ತದೆ, ಬೇರುಸಮೇತ ತೆಗೆದರೆ ಏನಾಗುತ್ತದೆ. ಇದನ್ನು ಕಂಡುಹಿಡಿದವರ ಹೆಸರು ಬರೆದುಕೊಳ್ಳಿ ಎಂದು ಹಲಗೆಯ ಕಡೆ ತಿರುಗಿದಳು. ಸುಜಾತಾ ಎಂದು ಬರೆಯುವಾಗ ಸುಣ್ಣದ ಕಡ್ಡಿ ಮುರಿಯಿತು. ತುಂಡಿನಲ್ಲೇ ಪೂರ್ತಿ ಬರೆದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಾಜಕ್ತಾ ಎಂಬ ಹುಡುಗಿ, ನೀವೂ ಅಲ್ಲಿ ಇದ್ರೇನ್ರಿ ಮೇಡಂ ಎಂದು ಕೇಳಿದಳು.

"ಅಳತಿ ನಾ ಮಾಡೀನಿ," ಎಂದಳು ನೀಲಮ, ಮತ್ತು ಬೇರಿನ ಚಿತ್ರ ಬಿಡಿಸತೊಡಗಿದಳು.